ಮಾತು ಕೇಳದ ನಾಯಿ

ಬೆಂಗಳೂರಿನ ಸೋದರಿಯೊಬ್ಬರು ದೀರ್ಘವಾದ ಕಾಗದ ಬರೆದಿದ್ದಾರೆ. ಅವರ ಮಕ್ಕಳು ಪ್ರಾಣಿಗಳ ಆಶ್ರಯಧಾಮವೊಂದರಲ್ಲಿ ನಾಲ್ಕು ವರ್ಷದ ಗಂಡು ಡಾಲ್ಮೇಷನ್ ನಾಯಿಯೊಂದನ್ನು ಕಂಡು ಬಂದಿದ್ದಾರೆ; ಅಂದಿನಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ. ಹಿಂದಿನ ಯಜಮಾನರು ಅದನ್ನು ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಹಗಲೆಲ್ಲ ಕಟ್ಟಿಹಾಕುತ್ತಿದ್ದರಂತೆ. ನೆರೆಹೊರೆಯವರು ದೂರು ಕೊಟ್ಟ ಮೇಲೆ ಧಾಮದವರು ಹೋಗಿ ಬಿಡಿಸಿ ತಂದರಂತೆ. ಧಾಮದ ಪುಸ್ತಕದಲ್ಲಿ, ನಾಯಿಯನ್ನು ಬಿಟ್ಟುಕೊಟ್ಟ ಕಾರಣವೆಂಬಲ್ಲಿ, “ಹೇಳಿದ ಮಾತು ಕೇಳುವುದಿಲ್ಲ” ಎಂದು ಬರೆದಿದೆ. ಯಜಮಾನರಿಗೆ ಅರ್ಧ ಮನಸ್ಸು, ಅತ್ತೆಯವರಿಗೆ ಅದೂ ಇಲ್ಲ. “ತರಬಹುದೆ, ಬೇಡವೆ? ಒಂದೇ ಮಾತಿನಲ್ಲಿ ತಿಳಿಸಿ” ಎಂಬುದು ಸೋದರಿಯ ಕೋರಿಕೆ.

ಒಂದೇ ಮಾತಿನಲ್ಲಿ ಹೇಳುವುದಾದರೆ, ತರಬಹುದು. ಆದರೆ ಧಾಮದ ಪುಸ್ತಕದ ಆ ಸಾಲನ್ನು ಪರೀಕ್ಷಿಸಿ ನೋಡದೆ ತರಕೂಡದು. ಅದೇಕೆಂದು ತಿಳಿಯಬೇಕಾದರೆ ಈ ನಾಯಿಯ ಕುಲಗೋತ್ರಗಳನ್ನು ಸ್ವಲ್ಪ ವಿಚಾರಿಸಬೇಕಾಗುತ್ತದೆ.

ಆಡ್ರಿಯಾಟಿಕ್ ಸಮುದ್ರದ ದಡದಲ್ಲಿರುವ, ಇಂದು ಬಹುಪಾಲು ಕ್ರೊಯೇಷಿಯಾಕ್ಕೆ ಸೇರಿದ ಡಾಲ್ಮೇಷಿಯಾ ಪ್ರಾಂತದಿಂದ ಇದಕ್ಕೆ ಈ ಹೆಸರು ಬಂದಿದೆ. ಹೆಸರು ಎಲ್ಲಿಯದಾದರೂ ಇದಕ್ಕೆ ಉದ್ಯೋಗ ದೊರೆತದ್ದು ಇಂಗ್ಲೆಂಡಿನಲ್ಲಿ. ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಅಲ್ಲಿನ ಶ್ರೀಮಂತರ ಸಾರೋಟುಗಳ ಜೊತೆಯಲ್ಲಿ ಮೈಲಿಗಟ್ಟಲೆ ಓಡುವುದು, ಗಾಡಿ ನಿಂತಾಗ ಕುದುರೆಗಳನ್ನೂ ಸಾಮಾನುಗಳನ್ನೂ ಕಾಯುವುದು ಇದರ ಕೆಲಸ. ಅಮೆರಿಕದಲ್ಲಿ ಕುದುರೆಗಳು ಎಳೆಯುತ್ತಿದ್ದ ಬೆಂಕಿಯಾರಿಸುವ ಬಂಡಿಗಳ ಮುಂದೆ ಓಡಿ ದಾರಿ ಬಿಡಿಸಿದ್ದೂ ಇದೇ ನಾಯಿ. ಸಾರೋಟು ಹೋಯಿತು, ಕುದುರೆ ಹೋಯಿತು. ಓಡುವ ಹಂಬಲ ಮಾತ್ರ ನಾಯಿಯ ರಕ್ತದಲ್ಲಿ ಉಳಿಯಿತು. ಅಂಥದನ್ನು ನಾಲ್ಕಡಿ ಬಾಲ್ಕನಿಯಲ್ಲಿ ಕಟ್ಟಿದರೆ ಅದು ಬೊಗಳದೆ, ಚಪ್ಪಲಿ ಕಡಿಯದೆ ಮತ್ತೇನು ಮಾಡೀತು?

ಬಾಲ್ಕನಿಗೆ ಇದು ಬಂದದ್ದಾದರೂ ಹೇಗೆ? ಚುಕ್ಕೆಗಳಿಂದ. ಹುಟ್ಟುವಾಗ ಅಚ್ಚಬಿಳುಪಾಗಿದ್ದು, ಎರಡು ವಾರ ಕಳೆಯುವ ಹೊತ್ತಿಗೆ ಚುಕ್ಕೆ ಮೂಡತೊಡಗುವ ಮರಿ ಯಾರ ಮನಸ್ಸನ್ನು ಸೆಳೆಯದು! ಡೋಡಿ ಸ್ಮಿತ್ ಎಂಬ ಇಂಗ್ಲಿಷ್ ಲೇಖಕಿ 1956ರಲ್ಲಿ ನೂರೊಂದು ಡಾಲ್ಮೇಷನ್‌ಗಳ ಕಥೆ ಬರೆದರು. 1961ರಲ್ಲಿ ಡಿಸ್ನಿ ಸಂಸ್ಥೆ ಅದನ್ನು ವ್ಯಂಗ್ಯಚಿತ್ರಗಳ ಚಲನಚಿತ್ರ ಮಾಡಿತು; 1996ರಲ್ಲಿ ನಿಜವಾದ ನಾಯಿಗಳನ್ನೇ ಇಟ್ಟುಕೊಂಡು ಮತ್ತೊಂದು ಚಿತ್ರ ಬಂದಿತು. ಮಕ್ಕಳ ಹಟಕ್ಕೆ ಕೊಂಡು ತಂದ ಮರಿಗಳು ಬೆಳೆದು ಮನೆ ಹಿಡಿಸದಾದಾಗ, ಅಮೆರಿಕದ ಆಶ್ರಯಧಾಮಗಳಲ್ಲಿ ಅವುಗಳ ಸಾಲು ಬೆಳೆಯಿತು. ನಮ್ಮವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. 2003ರಲ್ಲಿ ದೂರವಾಣಿ ಕಂಪನಿಯೊಂದರ ಜಾಹೀರಾತಿನಲ್ಲಿ ಪಗ್ ನಾಯಿಯೊಂದು ಹುಡುಗನ ಹಿಂದೆ ಹಿಂದೆ ನಡೆದದ್ದೇ ತಡ, ಊರೂರಲ್ಲಿ ಪಗ್ ಬೇಕೆಂಬವರೇ ಆದರು. ಅನ್ನನೀರಿಲ್ಲದೆ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೇನೋ ಹೌದು. ಮೊದಲ ಸಲದ ತಪ್ಪಿಗೆ ಆ ಕಾಯಿದೆ ಗೊತ್ತುಮಾಡಿದ ದಂಡ ಹತ್ತರಿಂದ ಐವತ್ತು ರೂಪಾಯಿ! ಹತ್ತು ರೂಪಾಯಿಗೆ ನಾಯಿಗೆ ಒಂದು ಬಿಸ್ಕತ್ತಿನ ಪೊಟ್ಟಣ ಬರಬಹುದು.

ಇನ್ನು ಆ ಸಾಲಿನ ವಿಚಾರ. ಚುಕ್ಕೆಯ ಚೆಲುವಿನ ಜೊತೆಯಲ್ಲೇ ಈ ಜಾತಿಗೆ ಕಿವುಡೂ ಬಂದಿದೆ. ಮೈಗೆ ಬಣ್ಣ ಕೊಡುವ ಕಣಗಳೇ ಒಳಗಿವಿಯ ಆರೋಗ್ಯಕ್ಕೂ ಬೇಕು. ಬಿಳುಪು ಮಿತಿಮೀರಿದಲ್ಲಿ ಆ ಕಣಗಳು ಕಿವಿಯೊಳಗೂ ಇಲ್ಲವಾಗಿ, ಮರಿ ಹುಟ್ಟಿದ ಕೆಲವೇ ವಾರಗಳಲ್ಲಿ ಒಳಗಿವಿ ಕೆಡುತ್ತದೆ. ಅಮೆರಿಕದಲ್ಲಿ ಐದು ಸಾವಿರಕ್ಕೂ ಹೆಚ್ಚು ಡಾಲ್ಮೇಷನ್‌ಗಳನ್ನು ಪರೀಕ್ಷಿಸಿದಾಗ, ನೂರಕ್ಕೆ ಸುಮಾರು 8 ಎರಡೂ ಕಿವಿ ಕೇಳದವು, ಸುಮಾರು 22 ಒಂದೇ ಕಿವಿ ಕೇಳುವವು ಎಂದು ತಿಳಿದುಬಂದಿತು. ಹೀಗಿರುವಾಗ “ಮಾತು ಕೇಳುವುದಿಲ್ಲ” ಎಂಬುದನ್ನು ನಾಯಿಯ ಹಟವೆಂದೇ ಎಣಿಸುವುದು ನ್ಯಾಯವಲ್ಲ. ಎಷ್ಟು ಪೆಟ್ಟು ತಿಂದಿದೆಯೋ ಪಾಪ, ಕೇಳಿಸದ ಮಾತಿಗೆ!

ಸೋದರಿ, ನೀವು ಧಾಮಕ್ಕೆ ಮತ್ತೊಮ್ಮೆ ಹೋಗಿ. ನಾಯಿ ಬೇರೆ ಕಡೆಗೆ ಮುಖ ಮಾಡಿ ಕುಳಿತಿರುವಾಗ ಅದಕ್ಕೆ ಕಾಣದಂತೆ ಹಿಂದೆ ನಿಂತು ಬೀಗದ ಕೈಗೊಂಚಲನ್ನು ಅಲ್ಲಾಡಿಸಿ, ಸಿಳ್ಳೆ ಹಾಕಿ. ನೆಲಕ್ಕೆ ಕಾಲು ಬಡಿಯುವುದು ಬೇಡ, ಹತ್ತಿರದಿಂದ ಚಪ್ಪಾಳೆಯೂ ಬೇಡ. ನೆಲದ ನಡುಕವೂ ಗಾಳಿಯ ಬಡಿತವೂ ಕಿವುಡು ನಾಯಿಯನ್ನು ಸಹ ತಿರುಗಿಸುತ್ತವೆ. ನಿದ್ದೆಯಲ್ಲಿರುವಾಗ ಇನ್ನೊಂದು ಸಲ ನೋಡಿ. ಒಂದೇ ಕಿವಿ ಕೇಳುವ ನಾಯಿ ಸದ್ದಿಗೆ ಎಚ್ಚರಗೊಂಡರೂ ಸದ್ದು ಯಾವ ಕಡೆಯದೆಂದು ತಿಳಿಯದೆ ಅತ್ತಿತ್ತ ನೋಡುತ್ತದೆ. ಮನೆಯ ಪರೀಕ್ಷೆಯಲ್ಲಿ ಇದು ತಪ್ಪಿಸಿಕೊಳ್ಳುವುದುಂಟು. ನಿಶ್ಚಯವಾಗಿ ತಿಳಿಯಬೇಕಾದರೆ ಕಿವಿಯ ಸದ್ದಿಗೆ ಮೆದುಳು ಓಗೊಡುವುದನ್ನು ಯಂತ್ರದಲ್ಲಿ ದಾಖಲಿಸುವ ಪರೀಕ್ಷೆಯೇ ಆಗಬೇಕು.

ಕಿವುಡೆಂದು ತಿಳಿದರೆ ಬಿಡಬೇಕೆಂದು ನಾನು ಹೇಳುವುದಿಲ್ಲ. ಕೈಸನ್ನೆಯನ್ನು ಇವು ಬಹು ಚೆನ್ನಾಗಿ ಕಲಿಯುತ್ತವೆ. ಮಾತಿಗಿಂತ ಸನ್ನೆ ನಾಯಿಗೆ ಸುಲಭವೆಂದೂ ಬಲ್ಲವರು ಹೇಳುತ್ತಾರೆ. ಮಲಗಿದ್ದಾಗ ಥಟ್ಟನೆ ಮುಟ್ಟಿದರೆ ಬೆಚ್ಚಿ ಬಾಯಿ ಹಾಕೀತು. ಆದ್ದರಿಂದ ಹೆಗಲನ್ನು ಮೆಲ್ಲಗೆ ಮುಟ್ಟಿ ಎಬ್ಬಿಸಿ ಒಂದು ತುಣುಕು ತಿಂಡಿ ಕೊಡುವುದನ್ನು ಮೊದಲಿನಿಂದಲೇ ರೂಢಿಸಬೇಕು. ರಸ್ತೆಯಲ್ಲಿ ಮಾತ್ರ ಹಗ್ಗ ಬಿಚ್ಚುವಂತಿಲ್ಲ. ಎಳೆಯ ಕೂಸುಗಳಿರುವ ಮನೆಗೆ ಇದು ತಕ್ಕುದಲ್ಲ; ನಿಮ್ಮ ಮಕ್ಕಳು ಹೈಸ್ಕೂಲಿನವರಾದ್ದರಿಂದ ಆ ಭಯವಿಲ್ಲ.

ಕಿವಿಗಿಂತ ನನಗೆ ಹೆಚ್ಚಿನ ಚಿಂತೆ ಇದರ ಮೂತ್ರದ್ದು. ಉಳಿದ ನಾಯಿಗಳ ಯಕೃತ್ತು ಯೂರಿಕ್ ಆಮ್ಲವನ್ನು ನೀರಿನಲ್ಲಿ ಸುಲಭವಾಗಿ ಕರಗುವ ಬೇರೊಂದು ವಸ್ತುವನ್ನಾಗಿ ಮಾರ್ಪಡಿಸುತ್ತದೆ. ಡಾಲ್ಮೇಷನ್‌ನಲ್ಲಿ, ವಂಶದಿಂದ ಬಂದ ದೋಷದ ದೆಸೆಯಿಂದ, ಈ ಕೆಲಸ ಸರಿಯಾಗಿ ನಡೆಯದು. ಆಮ್ಲವು ಮೂತ್ರಕ್ಕೆ ಇಳಿದು ಹರಳುಗಟ್ಟಿ ಕಲ್ಲಾಗಬಹುದು. ಹೆಣ್ಣು ನಾಯಿಯಲ್ಲಿ ಸಣ್ಣ ಕಲ್ಲು ಹೊರಗೆ ಹೋಗಿಬಿಡಬಹುದು. ಗಂಡಿನ ಮೂತ್ರನಾಳ ಕಿರಿದು, ಕಲ್ಲು ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ರಾಬರ್ಟ್ ಶೈಬಲ್ ಎಂಬ ಅಮೆರಿಕದ ವಿಜ್ಞಾನಿ 1973ರಲ್ಲಿ ಪಾಯಿಂಟರ್ ನಾಯಿಯೊಡನೆ ಒಂದೇ ಒಂದು ಬಾರಿ ಸಂಕರ ಮಾಡಿಸಿ, ಈ ದೋಷವಿಲ್ಲದ ವಂಶವನ್ನು ಬೆಳೆಸಿದರು. ಶುದ್ಧ ತಳಿಯ ಹೆಸರಿನಲ್ಲಿ ಬಹುಕಾಲ ವಾದವಿವಾದಗಳು ನಡೆದು, 2011ರಲ್ಲಷ್ಟೇ ಅಮೆರಿಕದ ಕೆನಲ್ ಕ್ಲಬ್ ಆ ವಂಶವನ್ನು ಒಪ್ಪಿಕೊಂಡಿತು. ತಂದೆತಾಯಿಗಳು ಗೊತ್ತಿಲ್ಲದ ನಿಮ್ಮ ನಾಯಿಯನ್ನು ದೋಷವುಳ್ಳದ್ದೆಂದೇ ಎಣಿಸಿ ನಡೆಯುವುದು ಕ್ಷೇಮ.

ಹೇಗೆ ನಡೆಯುವುದು? ನೀರು, ನೀರು, ಮತ್ತೆ ನೀರು. ಎರಡು ಮೂರು ಕಡೆ ಬಟ್ಟಲಿಡಿ. ಊಟವನ್ನೂ ನೀರು ಬೆರೆಸಿ ತೆಳ್ಳಗೆ ಮಾಡಿ. ಕೆಲವು ಗಂಟೆಗಳಿಗೊಮ್ಮೆ ಮೂತ್ರಕ್ಕೆ ಹೊರಗೆ ಬಿಡಬೇಕು. ಬೆಳಗ್ಗೆ ಕಚೇರಿಗೆ ಹೋದವರು ಸಂಜೆ ಬಂದು ಬಿಟ್ಟರಾಯಿತೆಂಬ ಲೆಕ್ಕ ಈ ನಾಯಿಯಲ್ಲಿ ನಡೆಯದು. ನಾಯಿಗೆಂದು ಮಾಂಸದಂಗಡಿಯಿಂದ ಅಗ್ಗದಲ್ಲಿ ತರುವ ಲಿವರ್, ಮೂತ್ರಪಿಂಡ ಮೊದಲಾದವುಗಳೂ ಬೂತಾಯಿ ಮೀನೂ ಇದಕ್ಕೆ ಶತ್ರುಗಳು. ಬೇಳೆಕಾಳುಗಳೂ ಮಿತವಾಗಿರಲಿ. ಅನ್ನ, ಮೊಟ್ಟೆ, ಮೊಸರು ಒಗ್ಗುತ್ತವೆ. ಆದರೂ ನಿತ್ಯದ ಆಹಾರವನ್ನು ಪಶುವೈದ್ಯರೇ ಗೊತ್ತುಮಾಡಲಿ; ಮಾಂಸಸತ್ವವನ್ನು ತೀರ ಕಡಿಮೆ ಮಾಡಿ ನಾಯಿಯನ್ನು ಸೊರಗಿಸುವವರೂ ಉಂಟು. ಮನೆಗೆ ತರುವ ಮೊದಲೇ ಮೂತ್ರಪರೀಕ್ಷೆ ಮಾಡಿಸಿ. ಈ ಬಗೆಯ ಕಲ್ಲು ಸಾಮಾನ್ಯ ಎಕ್ಸ್‌ರೇಯಲ್ಲಿ ಅನೇಕ ವೇಳೆ ಕಾಣಿಸುವುದಿಲ್ಲ. ಸ್ಕ್ಯಾನಿಂಗ್ ಮಾಡಿಸಬಹುದೇ ಎಂದು ವೈದ್ಯರನ್ನು ಕೇಳಿ. ಮುಂದೆ ಎಂದಾದರೂ ನಾಯಿ ಮತ್ತೆ ಮತ್ತೆ ಕಾಲೆತ್ತಿ ತೊಟ್ಟುತೊಟ್ಟಾಗಿ ಹೊಯ್ದರೆ, ಮೂತ್ರ ಕೆಂಪಾದರೆ, ಅಥವಾ ತಿಣುಕಿದರೂ ಏನೂ ಬಾರದಿದ್ದರೆ, ಬೆಳಗಾಗಲಿ ನೋಡೋಣವೆನ್ನದೆ ಆ ರಾತ್ರಿಯೇ ವೈದ್ಯರ ಬಳಿಗೆ ಒಯ್ಯಿರಿ. ಮೂತ್ರ ಕಟ್ಟಿದ ನಾಯಿ ಎರಡು ಮೂರು ದಿನಗಳಲ್ಲಿ ಸಾಯಬಹುದು.

ಓಟದ ವಿಷಯ ಹೆಚ್ಚು ಬೇಕಿಲ್ಲ: ದಿನಕ್ಕೆ ಒಂದು ಗಂಟೆಗೆ ಕಡಿಮೆಯಿಲ್ಲದೆ, ಬಿಸಿಲೇರುವ ಮೊದಲು ಮತ್ತು ಇಳಿದ ಮೇಲೆ. ಇದಕ್ಕೆ ನಿಮ್ಮ ಹಿರಿಯ ಮಗನನ್ನು ನೇಮಿಸಬಹುದು, ಓದಿಗೂ ಒಳ್ಳೆಯದು. ಬಂದ ಹೊಸದರಲ್ಲಿ ನೆಂಟರಿಷ್ಟರನ್ನು ಕರೆದು ತೋರಿಸುವ ಸಂಭ್ರಮ ಬೇಡ. ಕೆಲವು ದಿನ ಒಂದು ಕೋಣೆ, ಒಂದು ಚಾಪೆ, ಒಂದೇ ಹೊತ್ತಿಗೆ ಊಟ, ಇಷ್ಟಿದ್ದರೆ ಸಾಕು. ಹೊಸ ಮನೆಯನ್ನು ತನ್ನದೆಂದು ನಂಬಲು ಅದಕ್ಕೆ ತಿಂಗಳುಗಳೇ ಹಿಡಿಯಬಹುದು.

ಅತ್ತೆಯವರಿಗೆ ಕೂದಲಿನ ಅಂಜಿಕೆಯೆಂದು ಬರೆದಿದ್ದೀರಿ. ಅಂಜಿಕೆ ನಿಜವೇ. ಸೂಜಿಯಂಥ ಮೋಟು ಬಿಳಿ ಕೂದಲು ವರ್ಷವಿಡೀ ಉದುರುತ್ತದೆ, ರೇಷ್ಮೆ ಸೀರೆಗೂ ಬಿಡದೆ ಚುಚ್ಚಿಕೊಳ್ಳುತ್ತದೆ. ರಬ್ಬರಿನ ಬ್ರಷ್ಷಿನಿಂದ ದಿನವೂ ಉಜ್ಜಿದರೆ ಕಡಿಮೆಯಾಗುವುದೇ ಹೊರತು ನಿಲ್ಲುವುದಿಲ್ಲ. ಆದರೆ ಇಲ್ಲೊಂದು ಮಾತಿದೆ. ನೀವೂ ಯಜಮಾನರೂ ಕೆಲಸಕ್ಕೆ ಹೋಗುವವರು, ಮಕ್ಕಳು ಶಾಲೆಗೆ. ಹಗಲು ನಾಯಿಯ ಬಟ್ಟಲಿಗೆ ನೀರು ತುಂಬುವವರು, ಮಧ್ಯಾಹ್ನ ಅದನ್ನು ಕೆಳಗೆ ಕರೆದೊಯ್ಯುವವರು ಯಾರು? ಆ ಭಾರ ಬೀಳುವುದು ಅತ್ತೆಯವರ ಮೇಲೆಯೇ. ಓಡುವ ಜಾತಿಯ ದೊಡ್ಡ ನಾಯಿಯ ಹಗ್ಗ ಹಿಡಿಯುವುದು ವಯಸ್ಸಾದ ಕೈಗಳಿಗೆ ಆಗುವುದೋ ಇಲ್ಲವೋ, ಅವರನ್ನೇ ಕೇಳಬೇಕು. ಆಗದಿದ್ದರೆ ಆ ಹೊತ್ತಿಗೆ ಬೇರೊಬ್ಬರನ್ನು ಗೊತ್ತುಮಾಡಬೇಕು. ಮುಂದಿನ ಭಾನುವಾರ ಅವರನ್ನೂ ಕರೆದುಕೊಂಡು ಹೋಗಿ, ಒಂದು ಗಂಟೆ ನಾಯಿಯ ಹತ್ತಿರ ಕುಳ್ಳಿರಿಸಿ. ಆಮೇಲೂ ಅವರು ಆಗದೆಂದರೆ, ಮಕ್ಕಳಿಗೆ ಸಮಾಧಾನ ಹೇಳಿ ಧಾಮದವರಿಗೆ ಅಂದೇ ತಿಳಿಸಿಬಿಡಿ, ಕೇಳಿದವರು ಇನ್ನೊಬ್ಬರಿರಬಹುದು.