ಶೆಟ್ಟಿಹಳ್ಳಿಯ ಮನೆಗೂ ತೋಟದ ರೂಢಿ ಬೇಕು

ಬೆಳೆಗಾರ ಬಾಂಧವರಲ್ಲಿ ಅನೇಕರ ಮಕ್ಕಳು ಈಗ ಬೆಂಗಳೂರು ಸೇರಿದ್ದಾರೆ. ಶೆಟ್ಟಿಹಳ್ಳಿ, ಯಲಹಂಕ, ಹೆಬ್ಬಾಳಗಳ ಕಡೆ ಮೂವತ್ತು ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಸಂತೋಷದ ವಿಷಯವೇ. ಊರಿನಿಂದ ಅವರಿಗೆ ಕಾಫಿ ಪುಡಿ ಹೋಗುತ್ತದೆ, ಬಾಳೆಗೊನೆ ಹೋಗುತ್ತದೆ, ಜೋನಿ ಬೆಲ್ಲ ಹೋಗುತ್ತದೆ. ತೋಟದ ಮನೆಯ ರೂಢಿಗಳು ಮಾತ್ರ ಬಸ್ಸು ಹತ್ತಿಲ್ಲವೆಂದು ನಮಗೆ ತೋರುತ್ತದೆ.

ತೋಟದವನಿಗೆ ದರಗೆಂದರೆ ಸಂಪತ್ತು. ಉತ್ತರ ಕನ್ನಡದಲ್ಲಿ ಘಟ್ಟದ ಮೇಲಿನ ಅಡಿಕೆ ತೋಟಗಳಿಗೆ ಎಕರೆಯೊಂದಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟದ್ದು ಇದೇ ಕಾರಣಕ್ಕೆ. ಅಂಥ ಬೆಟ್ಟದ ಗಡಿಗಾಗಿ ದಾಯಾದಿಗಳು ಕೋರ್ಟು ಹತ್ತಿದ್ದೂ ಉಂಟು. ಅಂಥ ಮನೆತನದ ಹುಡುಗ ನಗರದಲ್ಲಿ ಮನೆ ಮುಂದೆ ಉದುರಿದ ಎಲೆಯನ್ನು ಗುಡ್ಡೆ ಮಾಡಿ ಬೆಂಕಿ ಇಡುತ್ತಾನೆ. ತರಕಾರಿ ಸಿಪ್ಪೆ, ಫಿಲ್ಟರಿನ ಕಾಫಿ ಚರಟ, ಹಾಲಿನ ಕವರು ಎಲ್ಲವನ್ನೂ ಒಂದೇ ಚೀಲದಲ್ಲಿ ಕಟ್ಟಿ ಬೀದಿಗಿಡುತ್ತಾನೆ.

ಇಂಥ ಚೀಲಗಳು ಎಲ್ಲಿಗೆ ಹೋದವೆಂಬುದನ್ನು ನೆನೆಯಬೇಕು. ಬೆಂಗಳೂರು ಉತ್ತರದಲ್ಲೇ ಇರುವ ಮಾವಳ್ಳಿಪುರ ರೈತರ ಊರು. ನಗರದ ಕಸವನ್ನು ವರ್ಷಗಟ್ಟಲೆ ಅಲ್ಲಿ ಸುರಿದರು. ಕಸದಿಂದ ಒಸರಿದ ಕಪ್ಪು ನೀರು ಅಲ್ಲಿಯ ಜಲವನ್ನು ಕೆಡಿಸಿತು. ಊರವರು ಹೋರಾಡಿದ ಮೇಲೆ 2012ರಲ್ಲಿ ಅದು ಮುಚ್ಚಿತು, ಲಾರಿಗಳು ಮಂಡೂರಿನತ್ತ ತಿರುಗಿದವು. ಅಲ್ಲೂ ಜನ ಸಿಡಿದೆದ್ದರು. 2014ರ ಕೊನೆಗೆ ಅಲ್ಲಿಯೂ ನಿಂತಿತು. ಎರಡು ಡಬ್ಬಿ, ಒಂದು ಚೀಲ ಇಟ್ಟು ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು ಉಚ್ಚ ನ್ಯಾಯಾಲಯ 2015ರ ಡಿಸೆಂಬರಿನಲ್ಲಿ ಆದೇಶಿಸಬೇಕಾಯಿತು. ಎಮ್ಮೆಗೆ ಕೊಡುವ ಕಲಗಚ್ಚಿನಲ್ಲಿ ಮೊಳೆ, ಗಾಜು ಬೀಳದಂತೆ ನೋಡಿಕೊಳ್ಳುತ್ತಿದ್ದ ನಮ್ಮ ಅಜ್ಜಿಯರಿಗೆ ಇದನ್ನು ನ್ಯಾಯಾಧೀಶರು ಹೇಳಬೇಕಿರಲಿಲ್ಲ.

ಮನೆಯ ಕಸದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಅಡಿಗೆಮನೆಯದೇ. ತಳಕ್ಕೆ, ಪಕ್ಕಕ್ಕೆ ತೂತು ಮಾಡಿದ ಎರಡು ಮಡಕೆ ಇದ್ದರೆ ಅದು ಗೇಟು ದಾಟಬೇಕಾಗಿಲ್ಲ. ಒಂದು ಹಿಡಿ ಹಸಿ ಕಸಕ್ಕೆ ಎರಡು ಹಿಡಿ ಒಣ ಎಲೆ ಮುಚ್ಚುತ್ತ ಹೋಗಬೇಕು. ವಾಸನೆ ಬಂದರೆ ಎಲೆ ಸಾಲದೆಂದು ಅರ್ಥ. ಕಾಫಿ ಚರಟದಲ್ಲಿ ಶೇಕಡಾ 2ರಷ್ಟು ಸಾರಜನಕವಿದೆ, ಅದನ್ನು ಚರಂಡಿಗೆ ಚೆಲ್ಲುವುದು ಕಾಫಿ ಬೆಳೆಗಾರರ ಮಕ್ಕಳಿಗಂತೂ ಶೋಭಿಸದು.

ಮಳೆಯ ಲೆಕ್ಕ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಹೂಮಳೆ ಎಷ್ಟು ಸೆಂಟು ಬಿತ್ತೆಂದು ಬೆಳಗ್ಗೆ ಎದ್ದು ಫೋನು ಮಾಡುವವರು ನಾವು. ಮೂವತ್ತು ನಲವತ್ತರ ತಾರಸಿಯ ಮೇಲೆ ಒಂದು ಇಂಚು ಮಳೆಯೆಂದರೆ ಸುಮಾರು 2,800 ಲೀಟರು ನೀರು. ವರ್ಷಕ್ಕೆ 35 ಇಂಚು ಹಿಡಿದರೂ ಲಕ್ಷ ಲೀಟರಿಗೆ ಹತ್ತಿರವಾಯಿತು. ಇಷ್ಟನ್ನು ಮೋರಿಗೆ ಬಿಟ್ಟು, ಕೊಡಗಿನಲ್ಲಿ ಹುಟ್ಟಿದ ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ 100 ಕಿಲೋಮೀಟರು ದೂರ, 500 ಮೀಟರು ಎತ್ತರಕ್ಕೆ ಪಂಪು ಮಾಡಿಸಿಕೊಂಡು ಕಾರು ತೊಳೆಯುತ್ತಾರೆ.

ಊರಿನಲ್ಲಿರುವವರು ನಗಬೇಕಾಗಿಲ್ಲ. ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ ಉರಿಯುತ್ತಿದ್ದ ನಮ್ಮ ಬಚ್ಚಲ ಒಲೆಗಳಿಗೆ ಈಗ ಎಂಥ ವಸ್ತು ಬೀಳುತ್ತಿದೆ? ಹಾಲಿನ ಕವರು, ಬಿಸ್ಕತ್ತಿನ ಕವರು, ಹರಿದ ಪೈಪಿನ ತುಂಡು. ಬೇಗ ಹೊತ್ತಿಕೊಳ್ಳುತ್ತದೆಂಬುದು ಸಮರ್ಥನೆ. ಪ್ಲಾಸ್ಟಿಕ್ಕಿನ ಹೊಗೆ ವಿಷ, ಪೈಪಿನ ಹೊಗೆಯಂತೂ ಇನ್ನೂ ಕೆಟ್ಟದ್ದು. ಅದನ್ನು ಕುಡಿಯುವವರು ಒಲೆ ಮುಂದೆ ಕೂರುವ ಹೆಂಗಸರು, ನೀರು ಕಾಯುವುದನ್ನು ನೋಡುತ್ತ ನಿಂತ ಮಕ್ಕಳು. ಬೂದಿಯನ್ನು ಮರುದಿನ ನಾವೇ ತೋಟಕ್ಕೆ ಹಾಕುತ್ತೇವೆ.

ಕವರುಗಳನ್ನು ತೊಳೆದು ಒಣಗಿಸಿ ಖಾಲಿ ಗೊಬ್ಬರದ ಚೀಲದಲ್ಲಿ ತುಂಬಿಟ್ಟು, ಪೇಟೆಗೆ ಹೋಗುವಾಗ ಗುಜರಿಯವನಿಗೆ ಕೊಡಬಹುದು. ಔಷಧಿ ಹೊಡೆದ ಡಬ್ಬಿಗಳನ್ನು ಮಾತ್ರ ಅದರಲ್ಲಿ ಬೆರೆಸಬಾರದು.