ಹರಳೆಣ್ಣೆಯೂ ಯಂತ್ರದ ತಾಪವೂ

ಪಾಲಾರಿನಿಂದ ಮಹದೇಶ್ವರ ಬೆಟ್ಟವನ್ನೇರುವ ಮೋಟಾರುಗಳ ಯಂತ್ರವು ಎಷ್ಟು ಕಾಯುವುದೆಂಬುದನ್ನು ವಾಚಕರು ಬಲ್ಲರು. ಆ ತಾಪದಲ್ಲಿ ಯಂತ್ರವನ್ನು ಸವೆಯದಂತೆ ಕಾಪಾಡುವುದು ಕೀಲೆಣ್ಣೆ. 1914-18ರ ಮಹಾಯುದ್ಧದಲ್ಲಿ ಅನೇಕ ವಿಮಾನಗಳಿಗೆ ಹರಳೆಣ್ಣೆಯೇ ಕೀಲೆಣ್ಣೆಯಾಗಿತ್ತು. ಆದರೆ ಬಹಳ ಕಾದರೆ ಅದು ಅಂಟಾಗುವುದು. ರಸಾಯನಶಾಸ್ತ್ರವು ಈ ದೋಷಕ್ಕೆ ಉಪಾಯವನ್ನು ಕಂಡಿತು. ಹರಳೆಣ್ಣೆಯನ್ನು ಕ್ಷಾರದೊಡನೆ ಕಾಸಿ ಸೆಬಾಸಿಕ್ ಆಮ್ಲವನ್ನು ಪಡೆದು, ಅದರಿಂದ ಎಸ್ಟರ್ ಎಂಬ ಕೃತಕ ಕೀಲೆಣ್ಣೆಯನ್ನು ಮಾಡಿದರು. 1950ರ ದಶಕದ ಜೆಟ್ ವಿಮಾನಗಳು ಇದನ್ನು ಬಳಸಿದುವು. ತರುವಾಯ ಪೆಂಟಾಎರಿಥ್ರಿಟಾಲಿನ ಎಸ್ಟರುಗಳು ಇನ್ನೂ ಹೆಚ್ಚಿನ ತಾಪವನ್ನು ತಾಳಿದುವು.

ಹರಳಿನ ಬೆಳೆಯಲ್ಲಿ ಭಾರತವೇ ಜಗತ್ತಿಗೆ ಮೊದಲು. ಅದರಲ್ಲಿ ಗುಜರಾತಿನದೇ ಬಹುಪಾಲು. ಬರಿಯ ಎಣ್ಣೆಯನ್ನು ಹೊರಗೆ ಮಾರಿ, ಅದರಿಂದಾದ ಪದಾರ್ಥವನ್ನು ಹೆಚ್ಚಿನ ಬೆಲೆಗೆ ಕೊಳ್ಳುವುದು ವಿವೇಕವಲ್ಲ. ಹನೂರು, ಕೊಳ್ಳೇಗಾಲಗಳ ಒಣಭೂಮಿಯ ರೈತನಿಗೆ ಹರಳುಗಿಡವು ಅಪರಿಚಿತವಲ್ಲ. ಬೀಜಕ್ಕೆ ನ್ಯಾಯವಾದ ಬೆಲೆಯೂ, ತರುಣರಿಗೆ ಈ ರಸಾಯನ ವಿದ್ಯೆಯೂ ಇಲ್ಲಿಯೇ ದೊರೆಯುವಂತೆ ಸರ್ಕಾರದವರು ಏರ್ಪಡಿಸಬೇಕೆಂದು ನಾವು ಒತ್ತಿ ಹೇಳುತ್ತೇವೆ.