ಮಳೆಕೋಲು ಆಡಿಸಿದರೆ ಮಳೆ ಬರುತ್ತದೆಯೇ? ಅದರೊಳಗೆ ಏನಿರುತ್ತದೆ?

ಉದ್ದನೆಯ ಕೋಲೊಂದನ್ನು ನಿಧಾನವಾಗಿ ತಲೆಕೆಳಗು ಮಾಡಿದರೆ ಹೆಂಚಿನ ಮೇಲೆ ಮಳೆ ಸುರಿದಂಥ ಸದ್ದು ಬರುತ್ತದೆ. ಇದೇ ರೇನ್‌ಸ್ಟಿಕ್, ಅಂದರೆ ಮಳೆಕೋಲು. ‘ಪ್ರಾಚೀನ ಬುಡಕಟ್ಟು ಜನರು ಇದನ್ನು ನುಡಿಸಿ ಮಳೆ ತರಿಸುತ್ತಿದ್ದರು’ ಎಂಬ ಮಾತು ಇದರ ಜೊತೆಗೇ ಹರಿದಾಡುತ್ತದೆ. ಇದರಲ್ಲಿ ನಿಜವೆಷ್ಟು?

ಹೇಗೆ ಮಾಡುತ್ತಾರೆ?

ಹೆಚ್ಚು ಹೆಸರಾದದ್ದು ದಕ್ಷಿಣ ಅಮೆರಿಕದ ಚಿಲಿ ದೇಶದ ಮಳೆಕೋಲು. ಅಲ್ಲಿನ ಒಣ ಪ್ರದೇಶದಲ್ಲಿ ಕಂಬದಂತೆ ಬೆಳೆಯುವ ಕೋಪಾವೊ ಮುಂತಾದ ಪಾಪಸುಕಳ್ಳಿಗಳು ಸತ್ತು ಒಣಗಿದಾಗ, ಒಳಗೆ ಟೊಳ್ಳಾದ ಮರದಂಥ ಕಾಂಡ ಉಳಿಯುತ್ತದೆ. ಅದರ ಮುಳ್ಳುಗಳನ್ನು ಕಿತ್ತು, ಹೊರಗಿನಿಂದ ಒಳಮುಖವಾಗಿ ಚುಚ್ಚಿ ಕೂರಿಸುತ್ತಾರೆ. ಸಣ್ಣ ಕಲ್ಲುಗಳನ್ನು ತುಂಬಿ ಎರಡೂ ತುದಿ ಮುಚ್ಚುತ್ತಾರೆ.

ಸದ್ದು ಎಲ್ಲಿಂದ ಬರುತ್ತದೆ?

ಗುಟ್ಟೆಲ್ಲ ಮುಳ್ಳಿನಲ್ಲಿದೆ. ಒಳಗೆ ಅಡ್ಡಿಯಿಲ್ಲದ 1 ಮೀಟರ್ ಕೊಳವೆಯನ್ನು ನೆಟ್ಟಗೆ ಹಿಡಿದರೆ, ಮೇಲಿಂದ ಬಿಟ್ಟ ಕಲ್ಲು ಅರ್ಧ ಸೆಕೆಂಡಿನೊಳಗೆ ತಳ ಸೇರುತ್ತದೆ. ಮುಳ್ಳುಗಳಿದ್ದರೆ ಪ್ರತಿ ಕಲ್ಲೂ ತಡೆದು, ಬಡಿದು, ಜಾರುತ್ತಾ ಇಳಿಯುತ್ತದೆ. ಈ ನೂರಾರು ಸಣ್ಣ ಬಡಿತಗಳು ಒಂದರ ಹಿಂದೊಂದು ಕೇಳಿದಾಗ ನಮ್ಮ ಕಿವಿಗೆ ಅದು ಮಳೆ.

ಮಳೆ ತರುತ್ತದೆಯೇ?

ಇಲ್ಲ. ತೇವಭರಿತ ಗಾಳಿ ಮೇಲೇರಿ ತಣ್ಣಗಾಗಿ, ಹನಿಗಳು ದೊಡ್ಡದಾದಾಗ ಮಳೆ ಬೀಳುತ್ತದೆ. ಕೋಲಿನ ಸದ್ದಿಗೆ ಅದರಲ್ಲಿ ಪಾತ್ರವಿಲ್ಲ. ಇದನ್ನು ಮೊದಲು ಮಾಡಿದವರು ಯಾರು ಎಂಬುದೂ ತೀರ್ಮಾನವಾಗಿಲ್ಲ. ಮಾಪುಚೆ, ಡಿಯಾಗಿಟಾ, ಅಜ್ಟೆಕ್ ಹೀಗೆ ಹಲವು ಜನಾಂಗಗಳ ಹೆಸರು ಕೇಳಿಬರುತ್ತದೆ. ‘ಇಂಥವರದೇ’ ಎಂದು ಖಚಿತವಾಗಿ ಹೇಳುವ ಸಂದೇಶವನ್ನು ನಂಬಬೇಕಿಲ್ಲ.

ಮನೆಯಲ್ಲಿ ಮಾಡುವುದು ಹೇಗೆ?

ಬಟ್ಟೆ ಅಂಗಡಿಯಲ್ಲಿ ಸಿಗುವ ದಪ್ಪ ರಟ್ಟಿನ ಕೊಳವೆ ಸಾಕು. ಕೊಳವೆಯ ಅಗಲಕ್ಕಿಂತ ಗಿಡ್ಡವಾದ ಮೊಳೆಗಳನ್ನು ಸುರುಳಿಯಾಕಾರದಲ್ಲಿ ಹೊಡೆಯಿರಿ. ಒಂದು ತುದಿ ಮುಚ್ಚಿ, ಒಂದೆರಡು ಹಿಡಿ ಕಾಳು ಹಾಕಿ, ಇನ್ನೊಂದು ತುದಿಯನ್ನೂ ಬಿಗಿಯಾಗಿ ಮುಚ್ಚಿ. ರಾಗಿ ಹಾಕಿದರೆ ತುಂತುರು, ಹುರುಳಿ ಅಥವಾ ಜೋಳ ಹಾಕಿದರೆ ಜೋರು ಮಳೆ!

ಎಚ್ಚರವಿರಲಿ

ಮೊಳೆ ಹೊಡೆಯುವ ಕೆಲಸ ದೊಡ್ಡವರೇ ಮಾಡಲಿ. ಮೊಳೆತಲೆಗಳ ಮೇಲೆ ಗಟ್ಟಿ ಟೇಪ್ ಸುತ್ತಿ. ಕೋಲು ಒಡೆದು ಕಾಳು ಹೊರಬಂದರೆ ಸಣ್ಣ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಹಾಗಾಗಿ 3 ವರ್ಷದೊಳಗಿನವರ ಕೈಗೆ ಕೊಡಬೇಡಿ.

ಮುಖ್ಯವಾಗಿ, ‘ಕಳ್ಳಿಯಿಂದ ಮಾಡುತ್ತಾರೆ’ ಎಂದು ಓದಿ ಬೇಲಿಯ ಕಳ್ಳಿಯನ್ನು ಕಡಿಯಬೇಡಿ. ನಮ್ಮ ಬೇಲಿಗಳಲ್ಲಿರುವ ಹಾಲು ಸುರಿಸುವ ಕಳ್ಳಿಗಳು ಬೇರೆಯೇ ಕುಟುಂಬದವು. ಆ ಹಾಲು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ತೊಂದರೆಯಾಗಬಹುದು. ಬಿದ್ದರೆ ಉಜ್ಜದೆ, ತಕ್ಷಣ ಧಾರಾಳ ನೀರಿನಿಂದ ತೊಳೆದು ವೈದ್ಯರ ಬಳಿ ಹೋಗಿ.

ಮಳೆಕೋಲಿನ ವಿಡಿಯೋ ಹಂಚಿಕೊಳ್ಳುವುದಾದರೆ ಈ ಎಚ್ಚರಿಕೆಯನ್ನೂ ಜೊತೆಗೆ ಕಳುಹಿಸಿ.